ವಲೆಟ್ಟಾಗೆ ಇಟ್ಟ ಪ್ರಸ್ಥಾನ

ಅಪ್ಪ ತೀರಿಕೊಂಡ ಮೇಲೆ ನಮ್ಮ ಮನೆಗೆ ಬಂದುಹೋದವರೆಲ್ಲರ ಧ್ವನಿಯನ್ನೂ ನಾನು ತೆಗೆಯಬಲ್ಲೆ. ಬಾಗಿಲಲ್ಲಿ ಚಪ್ಪಲಿ ಬಿಡುವಾಗಲೇ "ಛೆ ಛೆ ಛೆ" ಶುರು ಮಾಡುವವರು, ಒಳಗೆ ಬಂದು ಫ್ಯಾನಿನ ಕೆಳಗಿನ ಕುರ್ಚಿ ಗಟ್ಟಿ ಮಾಡಿಕೊಂಡ ಮೇಲೆ ದುಃಖ ನೆನಪಾಗುವವರು, "ಹೆಂಗಾಯ್ತಮ್ಮಾ?" ಎಂದು ಕೇಳಿ, ಅಮ್ಮ ಬಾಯಿ ತೆರೆಯುವಷ್ಟರಲ್ಲಿ ತಮ್ಮ ಷಡ್ಡಕನ ಆಪರೇಷನ್ನಿನ ಕಥೆ ಬಿಚ್ಚುವವರು. ಇವರನ್ನೆಲ್ಲ ನಾನು ಗೆಳೆಯರ ಮುಂದೆ ಮಾಡಿ ತೋರಿಸಿದ್ದೇನೆ. ಅವರು ಹೊಟ್ಟೆ ಹಿಡಿದುಕೊಂಡು ನಕ್ಕು, ನಂತರ ನನ್ನ ಮುಖ ನೋಡಿ ಸುಮ್ಮನಾಗಿದ್ದಾರೆ. ನನಗೆ ನಗುವೂ ಬರುತ್ತಿರಲಿಲ್ಲ, ಅಳುವೂ ಬರುತ್ತಿರಲಿಲ್ಲ. ಹಲ್ಲಿನ ಡಾಕ್ಟರು ಸೂಜಿ ಚುಚ್ಚಿದ ಮೇಲೆ ಕೆನ್ನೆ ಇರುತ್ತದಲ್ಲ, ಹಾಗೆ ಇದ್ದೆ. ಮುಟ್ಟಿಕೊಂಡರೆ ಇದೆ ಎಂದು ಗೊತ್ತಾಗುತ್ತದೆ, ಅಷ್ಟೇ.

ಮಿಮಿಕ್ರಿ ನನ್ನ ಕಸುಬಲ್ಲ, ಚಟ. ಕಸುಬು ಚಿಕ್ಕಬಳ್ಳಾಪುರದ ಒಂದು ಕಾರು ಶೋರೂಮಿನ ಸರ್ವಿಸ್ ಕೌಂಟರಿನಲ್ಲಿ. ಗಿರಾಕಿ ಬಂದು, "ಬ್ರೇಕ್ ಹಾಕಿದ್ರೆ ಕೊಂಯ್ಯ್ ಅನ್ನುತ್ತೆ, ಮೂರನೇ ಗೇರಲ್ಲಿ ಗೊರ ಗೊರ ಅನ್ನುತ್ತೆ" ಎಂದು ಬಾಯಲ್ಲೇ ಸದ್ದು ಮಾಡಿ ತೋರಿಸುತ್ತಾನೆ. ನಾನು ಹಿಂದುಗಡೆ ಶೆಡ್ಡಿಗೆ ಹೋಗಿ ಅದೇ ಸದ್ದನ್ನು ಮೆಕ್ಯಾನಿಕ್ಕಿಗೆ ಮಾಡಿ ತೋರಿಸುತ್ತೇನೆ. ಮೆಕ್ಯಾನಿಕ್ ಕಣ್ಣು ಮುಚ್ಚಿ ಕೇಳಿ, "ಇನ್ನೊಂದ್ಸಲ ಮಾಡು... ಹ್ಞಾ, ಬೇರಿಂಗು" ಎನ್ನುತ್ತಾನೆ. ಕೆಟ್ಟುಹೋದ ಗಾಡಿಯ ಹಾಗೆ ಸದ್ದು ಮಾಡುವುದಕ್ಕೆ ಸಂಬಳ ತೆಗೆದುಕೊಳ್ಳುವವನು ಇಡೀ ಜಿಲ್ಲೆಯಲ್ಲಿ ನಾನೊಬ್ಬನೇ ಇರಬೇಕು.

ನಮ್ಮ ಮನೆ ಶಿಡ್ಲಘಟ್ಟದಲ್ಲಿ. ಅಪ್ಪ ಅಲ್ಲಿನ ರೇಷ್ಮೆ ಗೂಡಿನ ಮಾರುಕಟ್ಟೆಯಲ್ಲಿ ತೂಕದ ಗುಮಾಸ್ತರಾಗಿದ್ದರು. ಗೂಡು ಬೆಳೆಯುವ ರೈತರಲ್ಲಿ ಅವರನ್ನು ಅರಿಯದವರು ಕಡಿಮೆ. ಅರಿತವರೆಲ್ಲ ಮನೆಯ ಮದುವೆಗೆ ಕರೆಯುತ್ತಿದ್ದರು, ಕರೆದ ಮದುವೆಗೆಲ್ಲ ಅಪ್ಪ ಅಮ್ಮನನ್ನು ಮೊಪೆಡ್ಡಿನ ಹಿಂದೆ ಕೂರಿಸಿಕೊಂಡು ಹೋಗುತ್ತಿದ್ದರು. ಹೀಗಾಗಿ ಅಮ್ಮನ ಮುಖವೂ ತಾಲೂಕಿಗೆಲ್ಲ ಪರಿಚಯ. ಅಪ್ಪ ಇರುವಾಗ ಅದು ಅವಳಿಗೆ ಹೆಮ್ಮೆಯ ವಿಷಯವಾಗಿತ್ತು. ಒಂದು ಬೆಳಿಗ್ಗೆ ತೂಕ ಮುಗಿಸಿ, ಟೀ ಲೋಟ ಕೈಯಲ್ಲಿ ಹಿಡಿದು, ಅಪ್ಪ ಕುರ್ಚಿಯಲ್ಲೇ ಹೋಗಿಬಿಟ್ಟ ಮೇಲೆ ಅದೇ ಪರಿಚಯ ಅವಳನ್ನು ಬಾಗಿಲು ದಾಟದ ಹಾಗೆ ಮಾಡಿತು. ಸೊಪ್ಪು ತರಲು ಹೋದರೆ ಸೊಪ್ಪಿನವಳು ತಕ್ಕಡಿ ಕೆಳಗಿಟ್ಟು ಕಣ್ಣೊರೆಸಿಕೊಳ್ಳುತ್ತಿದ್ದಳು. ಮೆಡಿಕಲ್ ಸ್ಟೋರಿನವನು ಮಾತ್ರೆ ಕೊಡುವ ಮೊದಲು "ಹೆಂಗಾಯ್ತಮ್ಮಾ?" ಎನ್ನುತ್ತಿದ್ದ. ಪ್ರತಿಸಲವೂ ಅಮ್ಮ ಮೊದಲಿನಿಂದ ಹೇಳಬೇಕು: ತೂಕ, ಟೀ, ಕುರ್ಚಿ. ಹೇಳಿ ಹೇಳಿ ಅವಳ ಧ್ವನಿ ಬಸ್ ನಿಲ್ದಾಣದ ಮೈಕಿನಂತೆ ಆಗಿತ್ತು. ಮನೆಯಲ್ಲಿ ನಾವಿಬ್ಬರೇ, ಮತ್ತು ಇಬ್ಬರಿಗೂ ಅಳು ಬರದ ಕಾಯಿಲೆ.

ಆಗ ಅವಳು ಮೊಬೈಲಿನಲ್ಲಿ ಒಂದು ಥರದ ವಿಡಿಯೊ ನೋಡಲು ಹಿಡಿದಳು. ಯಾರೋ ಕ್ಯಾಮೆರಾ ಹಿಡಿದು ಯಾವುದೋ ಊರಲ್ಲಿ ಸುಮ್ಮನೆ ನಡೆಯುತ್ತಾರೆ. ಮಾತಿಲ್ಲ, ಹಾಡಿಲ್ಲ. ಹೆಜ್ಜೆಯ ಸದ್ದು, ಎಲ್ಲೋ ಒಂದು ಗಂಟೆ, ಯಾರದೋ ಸೈಕಲ್. ಅಮ್ಮ ಫೋನನ್ನು ಉಪ್ಪಿನ ಡಬ್ಬಿಗೆ ಆನಿಸಿಟ್ಟು, ಹುರುಳಿಕಾಯಿ ಮುರಿಯುತ್ತಾ ಅದನ್ನೇ ನೋಡುತ್ತಿದ್ದಳು. ಊರಿಂದ ಊರಿಗೆ ಹೋಗಿ ಕೊನೆಗೆ ಒಂದೇ ಊರಿಗೆ ಅಂಟಿಕೊಂಡಳು. ಮೆಡಿಟರೇನಿಯನ್ ಸಮುದ್ರದ ನಡುವೆ ಮಾಲ್ಟಾ ಎಂಬ ಪುಟ್ಟ ದ್ವೀಪ, ಅದರ ರಾಜಧಾನಿ ವಲೆಟ್ಟಾ. ಜೇನು ಬಣ್ಣದ ಕಲ್ಲಿನ ಮನೆಗಳು, ಗೋಡೆಯಿಂದ ಹೊರಗೆ ಇಣುಕುವ ಹಸಿರು, ಕೆಂಪು, ನೀಲಿ ಬಣ್ಣದ ಮರದ ಬಾಲ್ಕನಿಗಳು, ಇಳಿಜಾರಿನ ಓಣಿಗಳು, ಓಣಿಯ ತುದಿಯಲ್ಲೆಲ್ಲ ಸಮುದ್ರ.

ಒಂದು ಸಂಜೆ ನಾನು ಕೆಲಸದಿಂದ ಬಂದು ಶೂ ಬಿಚ್ಚುತ್ತಿದ್ದೆ. ಅಮ್ಮ ಕರೆದಳು.

"ಬಾರೋ ಇಲ್ಲಿ. ಇವರನ್ನ ನೋಡು. ಕ್ಯಾಮೆರಾದವನು ಇಷ್ಟೊತ್ತು ನಡೀತಿದಾನೆ, ಒಬ್ಬರಾದ್ರೂ ತಿರುಗಿ ನೋಡಿದ್ರಾ?"

"ಇಲ್ಲ."

"ಯಾರ ಹಣೇಲೂ ಏನೂ ಇಲ್ಲ. ಯಾರೂ ಯಾರ ಹಣೆನೂ ನೋಡಲ್ಲ."

ನಾನು ಇನ್ನೊಂದು ಶೂ ಬಿಚ್ಚಿ ಅವಳ ಪಕ್ಕ ಕುಳಿತೆ.

"ಇಂಥ ಊರಲ್ಲಿ ಎರಡು ದಿನ ನಡೀಬೇಕು ಕಣೋ. ಅಷ್ಟೇ. ನೋಡೋದೇನೂ ಬೇಡ. ನಾನು ಯಾರು ಅಂತ ಗೊತ್ತಿಲ್ದೆ ಇರೋರ ಮಧ್ಯೆ ಸುಮ್ನೆ ನಡೀಬೇಕು."

ಅಪ್ಪ ಹೋದ ಮೇಲೆ ಅವಳು ಬೇಕು ಎಂದು ಬಾಯಿಬಿಟ್ಟು ಕೇಳಿದ ಮೊದಲನೆಯ ವಸ್ತು ಅದು. ಅಲ್ಲಿಯವರೆಗೆ ಎಲ್ಲಕ್ಕೂ ಅವಳ ಉತ್ತರ "ಏನೋ ಒಂದು" ಆಗಿತ್ತು. ಸಾರು ಏನು ಮಾಡ್ತೀಯ, ಏನೋ ಒಂದು. ಫ್ಯಾನ್ ಹಾಕಲಾ, ಏನೋ ಒಂದು. ಈಗ ಒಂದು ದ್ವೀಪ ಬೇಕಂತೆ. ಅದು ನೆರವೇರಿದರೆ ಅವಳು ಮತ್ತೆ ಏನನ್ನಾದರೂ ಬಯಸುವ ಹೆಂಗಸಾಗುತ್ತಾಳೆ, ಇಲ್ಲದಿದ್ದರೆ "ಏನೋ ಒಂದು" ಖಾಯಂ ಆಗುತ್ತದೆ ಎಂದು ನನಗೆ ಅನ್ನಿಸಿತು. ಅನ್ನಿಸಿತು ಎನ್ನುವುದು ದೊಡ್ಡ ಮಾತು, ತಲೆಗೆ ಹೊಳೆಯಿತು. ಎದೆಯವರೆಗೆ ಯಾವುದೂ ಇಳಿಯುತ್ತಿರಲಿಲ್ಲ.

ನಮ್ಮಲ್ಲಿ ಸಾವಾದ ಮನೆಯವರು ಒಂದು ವರ್ಷ ತುಂಬುವವರೆಗೆ ಎಲ್ಲೆಂದರಲ್ಲಿಗೆ ಹೋಗುವ ಹಾಗಿಲ್ಲ. ಕ್ಷೇತ್ರಕ್ಕೆ ಹೋಗಬಾರದು, ಬೆಟ್ಟ ಹತ್ತಬಾರದು, ಹೊಳೆಯ ಪುಣ್ಯಸ್ನಾನ ಮಾಡಬಾರದು, ಮದುವೆಗೂ ಹೋಗಬಾರದು. ಈ ಕಾನೂನಿನ ಪೊಲೀಸು ನನ್ನ ಸೋದರಮಾವ, ಅಮ್ಮನ ಅಣ್ಣ. ಗೌರಿಬಿದನೂರಿನಲ್ಲಿದ್ದಾರೆ, ನಿವೃತ್ತ ಗುಮಾಸ್ತರು, ಪಂಚಾಂಗ ನೋಡದೆ ಕ್ಷೌರವನ್ನೂ ಮಾಡಿಸಿಕೊಳ್ಳದವರು. ಅವರ ಮಾತನ್ನು ಮಾಡುವುದು ಸುಲಭ: ಎರಡು ಅಡಿಕೆ ಚೂರು ಎಡಗೆನ್ನೆಗೆ ತಳ್ಳಿ, "ಅದು ಹಂಗಲ್ಲಪ್ಪಾ" ಎಂದು ಶುರು ಮಾಡಿದರೆ ಮಿಕ್ಕದ್ದು ತಾನಾಗಿ ಬರುತ್ತದೆ.

ಮಾವ ಬಂದ ಭಾನುವಾರ ನಾನು ವಿಷಯ ಎತ್ತಿದೆ.

"ಅದು ಹಂಗಲ್ಲಪ್ಪಾ. ವರ್ಷ ತುಂಬಿಲ್ಲ. ಎಲ್ಲಿಗೂ ಹೋಗಂಗಿಲ್ಲ."

"ಎಲ್ಲಿಗೂ ಅಂದ್ರೆ ದೇವರಿರೋ ಕಡೆ ತಾನೆ ಮಾವ?"

"ಹೂಂ. ಅದೇ."

"ನಂದಿ?"

"ಬೆಟ್ಟದ ಮೇಲೂ ದೇವರು, ಕೆಳಗೂ ದೇವರು."

"ಸ್ಕಂದಗಿರಿ?"

"ಹೆಸರಲ್ಲೇ ದೇವರಿದಾನಲ್ಲೋ."

"ಕೈವಾರ? ವಿದುರಾಶ್ವತ್ಥ?"

"ತಮಾಷೆ ಮಾಡ್ತಿದೀಯಾ?"

ತಮಾಷೆಯೇ. ಆದರೆ ನಿಜವೂ ಹೌದು. ನಮ್ಮ ಜಿಲ್ಲೆಯಲ್ಲಿ ದೇವರಿಲ್ಲದ ಜಾಗ ಹುಡುಕಿದರೆ ಸಿಗುವುದು ಬಸ್ ನಿಲ್ದಾಣ ಒಂದೇ, ಅಲ್ಲಿಯೂ ಮೂಲೆಯಲ್ಲಿ ಗಣಪತಿ. ಹವಾ ಬದಲಾಯಿಸಲು ಹೋಗುವುದು ಎಂದರೆ ನಮ್ಮವರಿಗೆ ಕೈಮುಗಿದು ಪ್ರಸಾದ ತಿಂದು ಬರುವುದು. ಬರೀ ನಡೆಯಲು ಊರಿಗೆ ಹೋಗುವುದು ಎಂಬುದೇ ಇಲ್ಲ.

"ಮಾವ, ಒಂದು ಊರಿದೆ" ಎಂದು ಫೋನಿನಲ್ಲಿ ವಲೆಟ್ಟಾದ ನಕ್ಷೆ ತೋರಿಸಿದೆ. ಮಾವ ಕನ್ನಡಕವನ್ನು ಹಣೆಗೇರಿಸಿ ನೋಡಿದರು.

"ಇಲ್ಲಿ ದೇವಸ್ಥಾನ ಇದೆಯೇನೋ?"

"ನಮ್ಮದಿಲ್ಲ. ಚರ್ಚುಗಳಿದಾವೆ, ಬೀದಿಗೊಂದು."

"ಚರ್ಚು ನಮ್ಮ ಲೆಕ್ಕಕ್ಕೆ ಬರಲ್ಲ. ಬೆಟ್ಟ?"

"ಇಲ್ಲ. ರಸ್ತೆ ಏರುಪೇರು ಅಷ್ಟೇ."

"ಹೊಳೆ?"

"ಆ ದ್ವೀಪದಲ್ಲಿ ಹೊಳೇನೇ ಇಲ್ಲ ಮಾವ."

"ಹೊಳೆ ಇಲ್ದೆ ಹೆಂಗೆ ಬದುಕ್ತಾರೋ!"

"ಶಿಡ್ಲಘಟ್ಟದಲ್ಲಿ ನಾವು ಬದುಕಿಲ್ವಾ?"

ಮಾವ ಅಡಿಕೆಯನ್ನು ಬಲಗೆನ್ನೆಗೆ ದಾಟಿಸಿದರು. ಪಾಪ, ಎಷ್ಟು ತಡಕಾಡಿದರೂ ಅವರಿಗೆ ದೋಷ ಸಿಗಲಿಲ್ಲ. ಸಮುದ್ರ ದಾಟುವ ವಿಷಯ ತೆಗೆದರು. ವಿಮಾನ ಮೇಲೆ ಹೋಗುತ್ತದೆ, ನೀರು ಮುಟ್ಟುವುದಿಲ್ಲ ಎಂದೆ. ಕೊನೆಗೆ, "ಹಂಗಾದ್ರೆ ಅಡ್ಡಿ ಇಲ್ಲಪ್ಪ" ಎಂದರು. ನಂದಿಗೆ ಹೋಗುವಂತಿಲ್ಲ, ಮಾಲ್ಟಾಗೆ ಹೋಗಬಹುದು. ಶಾಸ್ತ್ರದ ಪ್ರಕಾರ ನಮಗೆ ಅತಿ ಹತ್ತಿರದ ಪ್ರವಾಸಿ ತಾಣ ಅದೇ.

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅಮ್ಮ, "ಅಣ್ಣ ಹೂಂ ಅಂದ್ನಾ?" ಎಂದು ಕೇಳಿ ಒಳಗೆ ಹೋದಳು. ಅವತ್ತು ಮಾವನ ಕಾಫಿಗೆ ಸಕ್ಕರೆ ಎರಡು ಸಲ ಬಿದ್ದಿತ್ತು.

ಯೋಜನೆ ಶುರುವಾಯಿತು. ಬೇರೆ ಜನ ನೋಡಬೇಕಾದ ಜಾಗಗಳನ್ನು ಗುರುತು ಹಾಕಿಕೊಳ್ಳುತ್ತಾರೆ. ಅಮ್ಮ ಕುಳಿತುಕೊಳ್ಳಬಹುದಾದ ಜಾಗಗಳನ್ನು ಹುಡುಕಿಸಿದಳು. ಬಂದರಿನ ಮೇಲುಗಡೆ ಕಮಾನುಗಳಿರುವ ಒಂದು ತೋಟ, ಅಲ್ಲಿ ಬೆಂಚುಗಳಿವೆ. ಬೆಂಚಿಗೆ ಒರಗಲು ಬೆನ್ನುಪಟ್ಟಿ ಇದೆಯೋ ಇಲ್ಲವೋ ಎಂದು ಚಿತ್ರ ದೊಡ್ಡದು ಮಾಡಿ ನೋಡಿದೆವು. ಅಲ್ಲಿ ಪ್ರತಿದಿನ ಮಧ್ಯಾಹ್ನ ತೋಪು ಹಾರಿಸುತ್ತಾರೆ ಎಂದು ಹೇಳಿದೆ.

"ಯಾಕೆ?"

"ಹನ್ನೆರಡು ಗಂಟೆ ಆಯ್ತು ಅಂತ."

"ಊಟಕ್ಕೆ ಕರೆಯೋದಾ?" ಎಂದಳು. ಅದು ಜೋಕೋ ಅಲ್ಲವೋ ತಿಳಿಯಲಿಲ್ಲ. ಅವಳ ಮುಖ ಕದಲಲಿಲ್ಲ, ನನ್ನದೂ.

ಬಟಾಣಿ ತುಂಬಿ ಕರಿಗಡುಬಿನ ಆಕಾರಕ್ಕೆ ಸುಡುವ ತಿಂಡಿಯೊಂದು ಅಲ್ಲಿ ಬೀದಿಬೀದಿಯಲ್ಲಿ ಸಿಗುತ್ತದೆ ಎಂದು ತಿಳಿದು, ಹಾಗಾದರೆ ಚಟ್ನಿಪುಡಿ ಸಾಕು, ಹುರಿಹಿಟ್ಟು ಸ್ವಲ್ಪ ಇರಲಿ ಎಂದು ತೀರ್ಮಾನವಾಯಿತು. ಬೆಳಿಗ್ಗೆ ಒಂದು ಓಣಿಯಲ್ಲಿ ಇಳಿದು ಸಮುದ್ರ ನೋಡುವುದು, ಹತ್ತಿ ಬರುವುದು, ಕೂರುವುದು. ಸಂಜೆ ಇನ್ನೊಂದು ಓಣಿ. ಮಾರನೆಯ ದಿನವೂ ಅದೇ. ಮ್ಯೂಸಿಯಮ್ಮು ಬೇಡ, ಅರಮನೆ ಬೇಡ, ದೋಣಿ ಬೇಡ. ಇಷ್ಟು ಸೋಮಾರಿ ಪ್ರವಾಸ ಯೋಜನೆಯನ್ನು ಆ ದ್ವೀಪದವರು ಕಂಡಿರಲಾರರು. ವಿಮಾನವೇನೋ ದೇವನಹಳ್ಳಿಯಿಂದಲೇ ಹೊರಡುತ್ತದೆ, ಹುಟ್ಟಿದಾಗಿನಿಂದ ನಮ್ಮ ತಲೆಯ ಮೇಲೆ ಹಾರುತ್ತಿರುವವು ಅವೇ.

ವೀಸಾಗೆಂದು ಬೆಂಗಳೂರಿಗೆ ಹೋದೆವು. ಬೆರಳಚ್ಚು ತೆಗೆದುಕೊಳ್ಳುವ ಕೌಂಟರಿನ ಹುಡುಗಿ, ಟೈ ಕಟ್ಟಿದ ಕನ್ನಡದಲ್ಲಿ, "ಪರ್ಪಸ್ ಏನು ಮೇಡಂ?" ಎಂದು ಕೇಳಿದಳು.

"ನಡಿಯಕ್ಕೆ" ಎಂದಳು ಅಮ್ಮ.

ಹುಡುಗಿ ನನ್ನ ಮುಖ ನೋಡಿದಳು.

"ಟೂರಿಸಂ" ಎಂದೆ ನಾನು, ಅವಳದೇ ಧ್ವನಿಯಲ್ಲಿ. ಬೇಕೆಂದು ಮಾಡಿದ್ದಲ್ಲ, ಬಾಯಿ ತಾನಾಗಿ ಮಾಡಿಬಿಟ್ಟಿತು. ಅವಳಿಗೆ ಕೋಪ ಬಂತು. ಅಮ್ಮ ಹಿಂದಿನಿಂದ ನನ್ನ ಬೆನ್ನಿಗೊಂದು ಚಿವುಟಿದಳು. ಚಿವುಟಿದ್ದು ತಿಳಿಯಿತು, ನೋಯಲಿಲ್ಲ.

ಇನ್ನು ಪ್ರಸ್ಥಾನದ ವಿಷಯ. ನಾವು ಹೊರಡಲು ಗೊತ್ತು ಮಾಡಿಕೊಂಡಿದ್ದ ದಿನ ಅಮಾವಾಸ್ಯೆ ಎಂದು ಮಾವ ಫೋನು ಮಾಡಿದರು. ವಿಮಾನದವರು ಪಂಚಾಂಗ ನೋಡುವುದಿಲ್ಲ ಎಂದೆ. ಅದಕ್ಕೆಲ್ಲ ಹಿರಿಯರು ದಾರಿ ಮಾಡಿಟ್ಟಿದ್ದಾರೆ ಎಂದರು. ಹೊರಡುವ ದಿನ ಚೆನ್ನಾಗಿಲ್ಲದಿದ್ದರೆ, ಅದಕ್ಕೂ ಮೊದಲು ಒಂದು ಒಳ್ಳೆಯ ಮುಹೂರ್ತದಲ್ಲಿ ಪ್ರಯಾಣದ ಗಂಟನ್ನು ಮನೆಯಿಂದ ಹೊರಗೆ ತೆಗೆದುಕೊಂಡು ಹೋಗಿ ಬೇರೆಯವರ ಮನೆಯಲ್ಲಿ ಇಟ್ಟುಬಿಡುವುದು. ಅದಕ್ಕೆ ಪ್ರಸ್ಥಾನ ಇಡುವುದು ಎನ್ನುತ್ತಾರೆ. ಗಂಟು ಹೊರಟಿತು ಎಂದರೆ ನೀವೂ ಹೊರಟಂತೆಯೇ ಲೆಕ್ಕ. ನಂತರ ಯಾವ ದರಿದ್ರ ದಿನದಲ್ಲಿ ಬೇಕಾದರೂ ಹೋಗಿ, ಗಂಟನ್ನು ಅಲ್ಲಿಂದಲೇ ಎತ್ತಿಕೊಂಡು ನಡೆದರಾಯಿತು. ಒಂದೇ ನಿಯಮ, ಪ್ರಯಾಣ ಮುಗಿಯುವವರೆಗೆ ಗಂಟು ಮನೆಗೆ ವಾಪಸ್ ಬರಬಾರದು.

"ವೀಸಾ ಇನ್ನೂ ಬಂದಿಲ್ಲ ಮಾವ."

"ಅದು ಬರುತ್ತಪ್ಪ. ಇಂಥ ಮುಹೂರ್ತ ಬರಲ್ಲ. ಗುರುವಾರ ಬೆಳಿಗ್ಗೆ ಇಟ್ಬಿಡಿ."

ವೀಸಾ ಬರುವುದಕ್ಕೆ ಮೊದಲೇ ಮುಹೂರ್ತ ಬಂದದ್ದರಿಂದ ಬ್ಯಾಗನ್ನು ಕಳಿಸಿಬಿಟ್ಟೆವು. ಪ್ರಪಂಚದಲ್ಲಿ ಇಂಥ ಕೆಲಸ ಮಾಡುವವರು ನಾವು ಮಾತ್ರ ಇರಬೇಕು.

ನಮ್ಮ ಓಣಿಯ ಕೊನೆಯಲ್ಲಿ ರೇಷ್ಮೆ ನೂಲು ತೆಗೆಯುವ ಒಂದು ಕುಟುಂಬವಿದೆ. ಮುಂದೆ ಮನೆ, ಹಿಂದೆ ಗೂಡು ಬೇಯಿಸುವ ಶೆಡ್ಡು. ಆ ಮನೆಯ ಹೆಂಗಸನ್ನು ನಾನು ಹುಟ್ಟಿದಾಗಿನಿಂದ ಚಾಚಿ ಎನ್ನುತ್ತೇನೆ. ಅಪ್ಪ ಹೋದಾಗ ಎಲ್ಲರೂ ಬಂದು ಮಾತಾಡಿದರು. ಚಾಚಿ ಬಂದು, ಮಾತಾಡದೆ, ನಮ್ಮ ಮನೆಯ ಪಾತ್ರೆಗಳನ್ನೆಲ್ಲ ತೊಳೆದು ಹೋದರು. ಅದಕ್ಕೇ ಅಮ್ಮ ಬ್ಯಾಗಿಗೆ ಆ ಮನೆಯನ್ನೇ ಆರಿಸಿದಳು.

ಚಾಚಿ ಬಾಗಿಲು ತೆಗೆದು ಬ್ಯಾಗನ್ನು ನೋಡಿದರು, ನಮ್ಮನ್ನು ನೋಡಿದರು.

"ಇದೇನಮ್ಮಾ, ನೀವು ಇಲ್ಲೇ ಇರ್ತೀರ, ಸಾಮಾನು ಫಾರಿನ್‌ಗೆ ಹೋಗ್ಬಿಡ್ತಾ?"

"ನಮ್ಮಲ್ಲಿ ಹಂಗೆ ಕಣಮ್ಮ. ಅದು ಮುಂದೆ, ನಾವು ಹಿಂದೆ."

"ಅಚ್ಛಾ ಹೈ. ನಮ್ಮ ಮನೇನೇ ಏರ್‌ಪೋರ್ಟಾ ಹಂಗಾದ್ರೆ?" ಎಂದು ನಕ್ಕು, ಬ್ಯಾಗನ್ನು ಮಂಚದ ಮೇಲೆ ಇಟ್ಟು, ಬೆಂದ ಹುಳುವಿನ ವಾಸನೆ ಹಿಡಿಯದಿರಲಿ ಎಂದು ಒಗೆದ ದುಪ್ಪಟ್ಟಾ ಒಂದನ್ನು ಹೊದಿಸಿದರು. ವಾಪಸ್ ಬರುವಾಗ ಅಮ್ಮ ತಿರುಗಿ ಒಂದು ಸಲ ನೋಡಿದಳು. ಮಗುವನ್ನು ಅಂಗನವಾಡಿಯಲ್ಲಿ ಬಿಟ್ಟು ಬರುವವರು ನೋಡುವ ಹಾಗೆ.

ಆ ವಾರ ಅಮ್ಮ ಸ್ವಲ್ಪ ಬದಲಾಗಿದ್ದಳು. ಹೊರಟವಳಂತೆ ಇದ್ದಳು. ಯಾರೋ ಬಂದು "ಛೆ ಛೆ" ಎಂದರೆ, "ಹೂಂ, ಆಯ್ತಲ್ಲ" ಎಂದು ಬೇರೆ ಮಾತಿಗೆ ತಿರುಗುತ್ತಿದ್ದಳು. ಸಾರು ಏನು ಮಾಡ್ತೀಯ ಎಂದರೆ "ಬಸ್ಸಾರು" ಎಂದಳು, ಒಂದು ದಿನ. ನಾನು ಅದನ್ನು ಗಮನಿಸಿದೆ. ಸಂತೋಷಪಡಬೇಕಾದ ಜಾಗ ಇದು ಎಂದು ಗುರುತು ಹಾಕಿಕೊಂಡು ಮುಂದೆ ಹೋದೆ.

ನಂತರ ಪಾಸ್‌ಪೋರ್ಟುಗಳು ಕೊರಿಯರಿನಲ್ಲಿ ಬಂದವು. ವೀಸಾ ಇರಲಿಲ್ಲ. ಜೊತೆಯಲ್ಲೊಂದು ಹಾಳೆ, ಅದರಲ್ಲಿ ಒಂದು ಸಾಲಿನ ಮುಂದೆ ಗುರುತು. ಅಮ್ಮ ಚಪಾತಿ ಲಟ್ಟಿಸುತ್ತಿದ್ದಳು.

"ಏನು ಬರ್ದಿದಾರೆ?"

"ಆಗಲ್ಲ ಅಂತ."

"ಯಾಕಂತೆ? ಕನ್ನಡದಲ್ಲಿ ಹೇಳು."

"ಹೋದೋರು ವಾಪಸ್ ಊರಿಗೆ ಬರ್ತಾರೆ ಅನ್ನೋ ನಂಬಿಕೆ ಇಲ್ಲ ಅಂತ."

ಅಮ್ಮ ಲಟ್ಟಿಸುವುದನ್ನು ನಿಲ್ಲಿಸಲಿಲ್ಲ. ಚಪಾತಿ ದುಂಡಗೆ ಬಂತು. ಅದನ್ನು ಎತ್ತಿ ಕಾವಲಿಗೆ ಹಾಕಿ, "ಸರಿಯಾಗೇ ಬರ್ದಿದಾರೆ" ಎಂದಳು.

ಆ ಆಫೀಸಿನವರ ಮೇಲೆ ನನಗೇನೂ ಸಿಟ್ಟಿಲ್ಲ. ಎಲ್ಲೋ ಕುಳಿತು, ನಮ್ಮ ಕಾಗದಪತ್ರ ನೋಡಿ, ಇಬ್ಬರೂ ತಪ್ಪಿಸಿಕೊಂಡು ಹೋಗಲು ಹೊರಟವರು ಎಂದು ಯಾರೋ ಕಂಡುಹಿಡಿದಿದ್ದರು. ಮಾವನಿಗೆ ಕಾಣದ್ದು ಅವರಿಗೆ ಕಂಡಿತ್ತು. ಇನ್ನೊಂದು ಸಲ ಹಾಕೋಣ ಎಂದೆ. ಅಮ್ಮ, "ಏನೋ ಒಂದು" ಎಂದಳು.

ಮಾವನಿಗೆ ಫೋನು ಮಾಡಿದೆ. ವೀಸಾ ಸಿಗಲಿಲ್ಲ ಎಂದಾಗ ಅವರು "ಹೋಗ್ಲಿ ಬಿಡಪ್ಪ" ಎಂದರು. ಬ್ಯಾಗು ತರ್ತೀನಿ ಎಂದಾಗ ಕೂಗಾಡಿದರು.

"ಏ! ತರಬೇಡ! ಪ್ರಸ್ಥಾನ ಇಟ್ಟಿದ್ದನ್ನ ಪ್ರಯಾಣ ಮಾಡ್ದೆ ವಾಪಸ್ ತರ್ತಾರೇನೋ? ಮೊದಲೇ ಆ ಮನೇಲಿ ಹಿಂಗಾಗಿದೆ!"

"ಹಂಗಾದ್ರೆ ಚಾಚಿ ಮನೇಲೇ ಕೊಳೀಬೇಕಾ ಅದು?"

"ಎಲ್ಲಿಗಾದ್ರೂ ಹೋಗಿ ಒಂದು ರಾತ್ರಿ ಇದ್ದು ಬನ್ನಿ. ನಮ್ಮ ಮನೆಗೇ ಬನ್ನಿ, ಗೌರಿಬಿದನೂರಿಗೆ. ನಿಮ್ಮತ್ತೆ ಕಾಯ್ತಿರ್ತಾಳೆ."

ಫೋನಿನ ಸ್ಪೀಕರು ಹಾಕಿತ್ತು. ಅಮ್ಮ ಹಿಟ್ಟಿನ ಕೈಯನ್ನು ಅಡ್ಡಡ್ಡ ಆಡಿಸಿದಳು. ಅತ್ತೆ ಒಳ್ಳೆಯವರು, ಆದರೆ ಒಳ್ಳೆಯತನಕ್ಕೆ ಇಡೀ ಬೀದಿಯನ್ನು ಕರೆದು ಅಮ್ಮನ ಮುಂದೆ ಕೂರಿಸುವವರು. ನಾನು ಫೋನು ಇಟ್ಟ ಮೇಲೆ ಅಮ್ಮ ಕೇಳಿದಳು:

"ಚಿಂತಾಮಣೀಲಿ ನಮಗೆ ಯಾರಿದಾರೆ?"

"ಯಾರೂ ಇಲ್ಲ."

"ಅಲ್ಲಿಗೇ ಹೋಗಣ."

ಶನಿವಾರ ಚಾಚಿಯ ಮಂಚದಿಂದ ಬ್ಯಾಗು ಎತ್ತಿಕೊಂಡೆವು. ಚಾಚಿ ಏನೂ ಕೇಳಲಿಲ್ಲ, "ಹುಷಾರು" ಎಂದರು. ಒಳಗಿದ್ದದ್ದು ಮಾಲ್ಟಾದ ಸಾಮಾನೇ. ಮೇಲೆ ಸ್ವೆಟರು, ಅಲ್ಲಿನ ಸಾಕೆಟ್ಟಿಗೆ ಹೊಂದುವ ಪ್ಲಗ್ಗು, ಹುರಿಹಿಟ್ಟು. ಚಿಂತಾಮಣಿಯ ಬಸ್ಸಿನಲ್ಲಿ ಅಮ್ಮ ಕಿಟಕಿಯ ಪಕ್ಕ ಕುಳಿತಳು. ಹಿಪ್ಪುನೇರಳೆ ತೋಟಗಳು, ಟೊಮೆಟೊ ಕಟ್ಟಿದ ಕಡ್ಡಿಗಳು ಹಿಂದಕ್ಕೆ ಹೋದವು. ನಾನು ಗಗನಸಖಿಯ ಧ್ವನಿಯಲ್ಲಿ ಸೀಟ್ ಬೆಲ್ಟ್ ಕಟ್ಟಿಕೊಳ್ಳಲು ಹೇಳಿದೆ. ಮುಂದಿನ ಸೀಟಿನ ಮಗು ನಕ್ಕಿತು. ಅಮ್ಮ ಕಿಟಕಿಯನ್ನೇ ನೋಡುತ್ತಿದ್ದಳು. ನನಗೂ ಮುಂದುವರಿಸಬೇಕೆನ್ನಿಸಲಿಲ್ಲ.

ಬಸ್ ನಿಲ್ದಾಣದ ಹತ್ತಿರ ಒಂದು ಲಾಡ್ಜು. ಕೋಣೆಯಲ್ಲಿ ಬ್ಯಾಗಿಟ್ಟು ಯೋಜನೆಯ ಪ್ರಕಾರವೇ ಹೊರಟೆವು: ಒಂದು ರಸ್ತೆಯಲ್ಲಿ ಹೋಗುವುದು, ತುದಿ ಬಂದಾಗ ತಿರುಗುವುದು, ಕೂರುವುದು. ತುದಿಯಲ್ಲಿ ಸಮುದ್ರದ ಬದಲು ಒಂದು ಪಂಕ್ಚರ್ ಅಂಗಡಿ ಇತ್ತು. ಅಮ್ಮ ಅದನ್ನು ಸ್ವಲ್ಪ ಹೊತ್ತು ನೋಡಿದಳು, ಸಮುದ್ರವನ್ನು ಎಷ್ಟು ಹೊತ್ತು ನೋಡುತ್ತಿದ್ದಳೋ ಅಷ್ಟು ಹೊತ್ತು. ಬಟ್ಟೆ ಅಂಗಡಿ, ಗೊಬ್ಬರದಂಗಡಿ, ಕೋಳಿ ಅಂಗಡಿ. ನಮ್ಮೂರಲ್ಲಿ ಹೊರಗೆ ಬಂದರೆ ಅಮ್ಮ ಹೊದೆಯುತ್ತಿದ್ದ ಸೆರಗು ಈಗ ತಲೆಯ ಮೇಲೆ ಇರಲಿಲ್ಲ. ಯಾರೂ ನಿಲ್ಲಿಸಲಿಲ್ಲ. ಅರ್ಧ ಮಾತು ಕನ್ನಡ, ಅರ್ಧ ತೆಲುಗು, ಎಲ್ಲರಿಗೂ ಅವರವರ ವ್ಯಾಪಾರ. ರಾತ್ರಿ ಊಟಕ್ಕೆ ಕುಳಿತಾಗ ಅವಳಾಗಿ, "ಇಲ್ಲಿ ಸಾರು ಚೆನ್ನಾಗಿದೆ" ಎಂದಳು.

ಮಾರನೆಯ ಬೆಳಿಗ್ಗೆ ಕೋಣೆ ಖಾಲಿ ಮಾಡಿ, ಬಸ್ಸಿಗೆ ಮೊದಲು ಇನ್ನೊಂದು ಸುತ್ತು ನಡೆಯೋಣ ಎಂದು, ಟೀ ಅಂಗಡಿಯ ಮುಂದಿನ ಕಲ್ಲುಬೆಂಚಿನಲ್ಲಿ ಕುಳಿತಿದ್ದೆವು. ಎದುರಿಗೆ ಹಸಿರು ಟವೆಲ್ಲಿನ ಮುದುಕರೊಬ್ಬರು ಟೀ ಕುಡಿಯುತ್ತಿದ್ದರು. ಅಮ್ಮನ ಕಡೆ ಒಂದು ಸಲ ನೋಡಿದರು. ಇನ್ನೊಂದು ಸಲ ನೋಡಿದರು. ಮುದುಕರು ಲೋಟ ಕೆಳಗಿಟ್ಟು ಎದ್ದು ಬಂದರು.

"ಅಮ್ಮಾ, ನೀವು ಶಿಡ್ಲಘಟ್ಟದ ಗೂಡಿನ ಮಾರ್ಕೆಟ್ಟು, ತೂಕದ ಸಾರ್ ಮನೆಯೋರಲ್ವಾ? ನಮ್ಮ ಮಗಳ ಮದುವೆಗೆ ಬಂದಿದ್ರಲ್ಲಾ?"

ಹೊಳೆ ಇಲ್ಲದ, ಬೆಟ್ಟ ಇಲ್ಲದ ಊರು ಸಿಕ್ಕರೂ ಗೂಡು ಬೆಳೆಯುವವರಿಲ್ಲದ ಊರು ಸಿಕ್ಕಿರಲಿಲ್ಲ. ತೂಕ, ಟೀ, ಕುರ್ಚಿ ಶುರುವಾಗುತ್ತದೆ ಎಂದು ನಾನು ಬ್ಯಾಗಿನ ಪಟ್ಟಿ ಹಿಡಿದೆ.

ಅಮ್ಮ ತಲೆಯೆತ್ತಿ ನೋಡಿ, "ಏಮಯ್ಯಾ? ನಾಕು ಕನ್ನಡಮು ರಾದು" ಎಂದಳು. ಏನಪ್ಪಾ, ನನಗೆ ಕನ್ನಡ ಬರುವುದಿಲ್ಲ.

ನಮ್ಮ ಕಡೆ ತೆಲುಗು ಬಾರದವರು ಯಾರು? ಅಮ್ಮನಿಗೂ ಬರುತ್ತದೆ, ಕನ್ನಡ ಬೆರೆಸಿದ ಶಿಡ್ಲಘಟ್ಟದ ತೆಲುಗು. ಇದು ಅದಲ್ಲ. ಇದು ಟೀವಿ ಸೀರಿಯಲ್ಲಿನ ದೊಡ್ಡ ಮನೆಯ ಅತ್ತೆಯದು, ಕೊನೆಯಲ್ಲಿ ಎಳೆಯುವುದು, ಹುಬ್ಬು ಒಂದಿಷ್ಟು ಮೇಲಕ್ಕೆ. ಒಂದಕ್ಷರ ತಪ್ಪಿರಲಿಲ್ಲ. ಇಷ್ಟು ವರ್ಷ ಕೆಟ್ಟ ಗಾಡಿಗಳ ಸದ್ದು ಮಾಡಿಕೊಂಡು ದೊಡ್ಡ ಕಲಾವಿದ ಎಂದುಕೊಂಡಿದ್ದವನು ಬಾಯಿ ಬಿಟ್ಟುಕೊಂಡು ಕುಳಿತೆ.

ಮುದುಕರು ಅಲ್ಲೇ ತೆಲುಗಿಗೆ ಬದಲಾದರು. "ತಪ್ಪು ತಿಳೀಬೇಡಮ್ಮಾ. ನಮ್ಮ ಸಾರೊಬ್ಬರಿದ್ದರು, ಅವರ ಮನೆಯಮ್ಮನ ಥರಾನೇ ಇದೀಯ. ಪಾಪ, ಹೋಗಿಬಿಟ್ಟರು."

ಅಮ್ಮ ಎದ್ದು ನಡೆಯಬಹುದಿತ್ತು. ಏಳಲಿಲ್ಲ. "ಎಟ್ಲಾ ಪೋಯಾಡಯ್ಯಾ?" ಎಂದಳು. ಹೇಗೆ ಹೋದರು? ಇಡೀ ತಾಲೂಕು ಅವಳನ್ನು ಕೇಳಿದ್ದ ಪ್ರಶ್ನೆ. ಅವಳು ಯಾರನ್ನೂ ಕೇಳಿರಲಿಲ್ಲ.

ಮುದುಕರು ಬೆಂಚಿನ ತುದಿಯಲ್ಲಿ ಕುಳಿತು ಹೇಳಿದರು. ಕುರ್ಚಿಯಲ್ಲೇ ಹೋದರಂತೆ, ಲೋಟ ಕೈಯಿಂದ ಬೀಳಲೂ ಇಲ್ಲವಂತೆ. ಒಳ್ಳೆಯವರು. ತೂಕಕ್ಕೆ ಗೂಡು ಇಟ್ಟರೆ, ಕೊಳ್ಳುವವರು ಎಷ್ಟು ಗದ್ದಲ ಮಾಡಿದರೂ ಅವಸರ ಮಾಡುತ್ತಿರಲಿಲ್ಲ. ಮುದುಕರು ತಲೆಯನ್ನು ಎಡಕ್ಕೆ ವಾಲಿಸಿ, ಒಂದು ಬೆರಳೆತ್ತಿ, ಅಷ್ಟನ್ನು ಮಾತ್ರ ಕನ್ನಡದಲ್ಲಿ, "ಇರಪ್ಪಾ, ಅಂಕಿ ಇನ್ನೂ ನಿಂತಿಲ್ಲ" ಎಂದರು.

ಧ್ವನಿ ಪೂರಾ ತಪ್ಪು, ಅಪ್ಪನದು ಅಷ್ಟು ಗಡಸಲ್ಲ. ತಲೆ ವಾಲಿಸಿದ್ದು ಮಾತ್ರ ಸರಿಯಾಗಿತ್ತು.

"ಯಂತ್ರದ ಅಂಕಿ ನಿಲ್ಲೋವರೆಗೂ ಕಾಯ್ತಿದ್ದರಮ್ಮಾ. ನಮ್ಮಂಥವರಿಗೆ ಯಾರು ಕಾಯ್ತಾರೆ?" ಎಂದು ಮುದುಕರು ಟವೆಲ್ಲಿನಿಂದ ಕಣ್ಣೊತ್ತಿಕೊಂಡರು.

"ಏಡವೊದ್ದಯ್ಯಾ" ಎಂದಳು ಅಮ್ಮ. ಅಳಬೇಡಪ್ಪಾ. ಅವರ ಖಾಲಿ ಲೋಟ ನೋಡಿ ಇನ್ನೊಂದು ಟೀ ಹೇಳಿದಳು. ಗಂಡ ಸತ್ತದ್ದಕ್ಕೆ ಗುರುತಿಲ್ಲದ ಮನುಷ್ಯನನ್ನು ಅವಳೇ ಸಮಾಧಾನ ಮಾಡುತ್ತಿದ್ದಳು, ಬೇರೆ ಯಾರದೋ ಧ್ವನಿಯಲ್ಲಿ.

ಮುದುಕರು ನನ್ನ ಕಡೆ ಗಲ್ಲ ಎತ್ತಿ, ಮಗನಾ ಎಂದು ಕೇಳಿದರು. ಹೌದು ಎಂದಳು. ಹುಡುಗ ಮಾತೇ ಆಡುವುದಿಲ್ಲವಲ್ಲ ಎಂದರು.

"ಆಡ್ತಾನೆ. ಬೇರೆಯವರ ಮಾತು ಮಾತ್ರ" ಎಂದಳು ಅಮ್ಮ ತೆಲುಗಿನಲ್ಲಿ, ಹುಬ್ಬು ಇಳಿಸದೆ.

ಮುದುಕರು ನಕ್ಕು, ಟೀ ಮುಗಿಸಿ, ಕೈಮುಗಿದು ಸಂತೆಯ ರಸ್ತೆಯ ಕಡೆ ಹೋದರು. ಅಮ್ಮ ಲೋಟ ಕೆಳಗಿಟ್ಟು ನನ್ನ ಕಡೆ ತಿರುಗಿದಳು.

"ಹಂಗೆ ಅಂತಿದ್ರಾ ನಿಮ್ಮಪ್ಪ? ಅಂಕಿ ನಿಂತಿಲ್ಲ ಅಂತ?"

"ಹೂಂನಮ್ಮ. ಚಿಕ್ಕವನಿದ್ದಾಗ ಮಾರ್ಕೆಟ್ಟಿಗೆ ಹೋದಾಗ ಕೇಳಿದೀನಿ."

"ನನಗೆ ಗೊತ್ತೇ ಇರಲಿಲ್ಲ ಕಣೋ. ಬಂದೋರೆಲ್ಲ ನನ್ನನ್ನೇ ಹೇಳು ಹೇಳು ಅಂದ್ರು. ಒಬ್ಬರಾದ್ರೂ ನನಗೆ ಹೇಳಲಿಲ್ಲ."

ಹೇಳಿ, ಎದ್ದು ನಿಂತಳು. ಸೀರೆಯ ನೆರಿಗೆ ಕೊಡವಿಕೊಂಡಳು. "ಆಯಪ್ಪ ಯಾವ ಕಡೆ ಹೋದ?"

ನಾನು ಸಂತೆಯ ರಸ್ತೆ ತೋರಿಸಿದೆ. ಹಸಿರು ಟವೆಲ್ಲು ಜನರ ನಡುವೆ ಇನ್ನೂ ಕಾಣುತ್ತಿತ್ತು.

"ಬಸ್ಸು?" ಎಂದೆ.

"ಮುಂದಿನದು ಬರುತ್ತೆ. ನೀನು ಮಾತ್ರ ಕನ್ನಡದಲ್ಲಿ ಬಾಯಿಬಿಡಬೇಡ" ಎಂದು ಹೊರಟಳು. ಇಷ್ಟು ಬೇಗ ನಡೆಯುವುದನ್ನು ನಾನು ಅಪ್ಪ ಹೋದಾಗಿನಿಂದ ನೋಡಿರಲಿಲ್ಲ. ನನಗೆ ಆಗಲೂ ಏನೂ ಅನ್ನಿಸುತ್ತಿರಲಿಲ್ಲ. ಅವಳು ಜನದಲ್ಲಿ ಕಣ್ಮರೆಯಾಗದಿರಲಿ ಎಂದು ಕಾಲು ಮಾತ್ರ ಓಡುತ್ತಿತ್ತು.